ಗೋಣಿ ತೀರ್ಥಪ್ಪನ ಮನೆಗೆ ಪ್ಲಾಸ್ಟಿಕ್ ಬಂದದ್ದು

ತರೀಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದು ಹಿಂಡಿ, ಬೂಸಾದ ಅಂಗಡಿ. ಎದುರಿನದು ತೀರ್ಥಪ್ಪನ ಗೋಣಿಚೀಲದ ಅಂಗಡಿ. ಮುಂದೆ ಅಂಗಡಿ, ನಡುವೆ ಗೋಡೌನು, ಹಿಂದೆ ಮನೆ, ಮನೆಯ ಹಿಂದೆ ಹಿತ್ತಲು. ಅಂಗಡಿಯಲ್ಲಿ ನಿಂತವನಿಗೆ ಹಿತ್ತಲಿನ ನುಗ್ಗೆಮರ ಕಾಣಿಸುತ್ತದೆ, ಏಕೆಂದರೆ ನಡುವಿನ ಬಾಗಿಲುಗಳನ್ನು ಹಾಕುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇಲ್ಲ.

ಅಜ್ಜಂಪುರದ ಕಡೆಯಿಂದ ರಾಗಿ, ಕಡಲೆ ತುಂಬಿದ್ದ ಹಳೆಯ ಚೀಲಗಳನ್ನು ಕೊಂಡು ತಂದು, ಕೊಡವಿ, ದಬ್ಬಳ ಹಿಡಿದು ತೇಪೆ ಹಾಕಿ, ಬಿಸಿಲಿಗೆ ಒಣಗಿಸಿ, ಕಡೂರಿನ ಕೊಬ್ಬರಿ ವ್ಯಾಪಾರಿಗಳಿಗೆ ಮಾರುವುದು ತೀರ್ಥಪ್ಪನ ಕಸುಬು. ಅವರಪ್ಪ ಇದನ್ನೇ ಮಾಡಿದ. ಲೋಕದ ಯಾವ ತೊಂದರೆಗೂ ಒಂದು ಗೋಣಿ ಹಾಸಿದರೆ ಮುಗಿಯಿತು ಎಂಬುದು ಇಬ್ಬರದೂ ನಂಬಿಕೆ. ಸೂರು ಸೋರಿದರೆ ಗೋಣಿ. ಕರುವಿಗೆ ಚಳಿಯಾದರೆ ಗೋಣಿ. ನೆಂಟರು ಬಂದರೆ ಹೊಸ ಗೋಣಿ. ಒಂದು ಸಲ ನನ್ನ ಸೊಂಟ ಹಿಡಿದಾಗಲೂ ಗೋಣಿಯಲ್ಲಿ ಬಿಸಿ ಮರಳು ತುಂಬಿ ತಂದಿದ್ದ. ವಾಸಿಯಾಯಿತೆಂದು ಹೇಳಿದೆ. ಹೇಳದಿದ್ದರೆ ಇನ್ನೊಂದು ಗೋಣಿ ತರುತ್ತಿದ್ದ.

ಪ್ಲಾಸ್ಟಿಕ್ ಚೀಲವೆಂದರೆ ಅವನಿಗೆ ಮೈಯೆಲ್ಲ ಉರಿ. ಅದು ಬಂದ ಮೇಲೆ ಊರಿನ ಅರ್ಧ ವ್ಯಾಪಾರ ಅದರ ಪಾಲಾಯಿತೆಂಬುದು ನಿಜ, ಆದರೆ ಅವನು ಹೇಳುತ್ತಿದ್ದ ಕಾರಣ ಬೇರೆ. "ಅದಕ್ಕೆ ಉಸಿರಿಲ್ಲ ಕಣೋ ರುದ್ರ. ಉಸಿರಿಲ್ಲದ್ದು ಹೊಸ್ತಿಲ ಒಳಗೆ ಬರಬಾರದು." ನನ್ನ ಅಂಗಡಿಯ ಹಿಂಡಿ ಬರುವುದೆಲ್ಲ ಹಸುವಿನ ಚಿತ್ರ ಅಚ್ಚು ಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ. ಅವನ ಹಸುವಿಗೂ ನನ್ನಲ್ಲಿಂದಲೇ ಹಿಂಡಿ ಹೋಗುತ್ತಿತ್ತು. ಪ್ರತಿ ಸಲ ನನ್ನ ಕಟ್ಟೆಯ ಮೇಲೆ ನಿಂತು ಅದನ್ನು ತನ್ನ ಗೋಣಿಗೆ ಸುರಿದುಕೊಂಡು, ಖಾಲಿ ಚೀಲವನ್ನು ಎರಡು ಬೆರಳಲ್ಲಿ ಹಿಡಿದು ನನಗೆ ವಾಪಸು ಕೊಡುತ್ತಿದ್ದ.

ಇಂಥವನು ಹೋದ ವರ್ಷ ಮಳೆ ಹಿಂದಾಗುವ ಹೊತ್ತಿಗೆ ಅಜ್ಜಂಪುರದಿಂದ ಒಂದು ನಾಯಿಮರಿ ತಂದ. ಅಲ್ಲಿನ ಒಂದು ಮಂಡಿಯಲ್ಲಿ ಚೀಲದ ರಾಶಿಯೊಳಗೆ ನಾಯಿ ಮರಿ ಹಾಕಿತ್ತಂತೆ. ಇವನು ರಾಶಿಯನ್ನು ಒಟ್ಟಿಗೆ ಕೊಂಡಿದ್ದನಂತೆ. ಬಸ್ಸಿನಲ್ಲಿ ಮಡಿಲ ಮೇಲೊಂದು ಚೀಲ, ಚೀಲದ ಬಾಯಲ್ಲಿ ಒಂದು ಕಂದು ತಲೆ.

"ಇಲಿ ಹಿಡೀಲಿ ಅಂತ ತಂದೆ" ಎಂದ.

"ಇಲಿಗಿಂತ ಚಿಕ್ಕದಾಗಿದೆಯಲ್ಲೋ" ಎಂದೆ.

"ಬೆಳೀತದೆ."

ಬಂದ ದಿನವೇ ಅದು ಅಂಗಡಿಯ ಮೂಲೆ ಮೂಲೆಗೆ ಹೋಗಿ ಮೂಸಿ, ತಕ್ಕಡಿಯ ಹತ್ತಿರ ಕೂತು ಬಂದವರನ್ನೆಲ್ಲ ದಿಟ್ಟಿಸಿತು. ಖಾತೆ ಪರಿಶೀಲನೆಗೆ ಬಂದ ಅಮಲ್ದಾರನ ಹಾಗಿದೆ ಎಂದು ನಾನೊಂದು ಮಾತು ಅಂದೆ. ಅದೇ ಹೆಸರಾಯಿತು.

ತೀರ್ಥಪ್ಪನ ಹೆಂಡತಿ ಮಲ್ಲಿಕಾಂಬ ಹೆಸರಿಗೆ ನಗಲಿಲ್ಲ. ಆಕೆ ಬೆಳಿಗ್ಗೆ ಎದ್ದು ಮನೆಯನ್ನೆಲ್ಲ ತೊಳೆದು, ಮಿಂದು, ಲಿಂಗಪೂಜೆ ಮುಗಿಯುವವರೆಗೆ ಯಾರ ಜೊತೆಗೂ ಮಾತಾಡುವವರಲ್ಲ. ಅಮಲ್ದಾರ ಮೊದಲ ವಾರದಲ್ಲೇ ದೇವರ ಮನೆಯ ಮುಂದೆ ಒಮ್ಮೆ, ನೀರಿನ ಹಂಡೆಯ ಪಕ್ಕ ಒಮ್ಮೆ ತನ್ನ ಕೆಲಸ ಮುಗಿಸಿದ. ಆಕೆ ಅಂಗಡಿಗೆ ಬಂದು, ಗಿರಾಕಿಗಳು ಇದ್ದಾರೆಂದೂ ನೋಡದೆ ಹೇಳಿದರು.

"ಕಾರ್ತಿಕದ ಕೊನೇ ಸೋಮವಾರ ನಮ್ಮನೇಲಿ ಅಯ್ಯನೋರ ಪಾದಪೂಜೆ. ಅಷ್ಟರೊಳಗೆ ಇದಕ್ಕೆ ಬುದ್ಧಿ ಕಲಿಸ್ರಿ. ಅವತ್ತು ಮನೆ ಒಳಗೆ ಒಂದು ಹನಿ ಕಂಡ್ರೂ ಮಾರನೇ ದಿನ ಲಿಂಗದಹಳ್ಳಿಗೆ, ನಮ್ಮಣ್ಣನ ತೋಟಕ್ಕೆ ಕಳಿಸ್ತೀನಿ."

ಆಕೆಯ ಅಣ್ಣನ ತೋಟ ಕಾಡಂಚಿಗಿದೆ. ಅಲ್ಲಿ ಚಿರತೆಯ ಓಡಾಟ. ಆ ತೋಟದಲ್ಲಿ ಕಟ್ಟಿದ ಯಾವ ನಾಯಿಯೂ ಒಂದು ವರ್ಷ ಬಾಳಿದ್ದಿಲ್ಲ. ಅದು ನಮ್ಮ ಮೂವರಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಅಮಲ್ದಾರನಿಗೆ ಮಾತ್ರ. ಅವನು ಆಗ ದಬ್ಬಳದ ಹುರಿ ಅಗಿಯುತ್ತಿದ್ದ.

ಮರುದಿನ ತೀರ್ಥಪ್ಪ ಮರಿಯನ್ನು ಎತ್ತಿಕೊಂಡು ದನದ ಡಾಕ್ಟರು ತ್ರಿವೇಣಿ ಅವರ ಹತ್ತಿರ ಹೋದ. ಜೊತೆಗೆ ನಾನೂ ಹೋದೆ, ಬೆಳಗಿನ ವ್ಯಾಪಾರ ಮಂದವಾಗಿತ್ತು. ಡಾಕ್ಟರು ಚುಚ್ಚುಮದ್ದು ಕೊಟ್ಟು, ಬಿಡಿಸಿ ಹೇಳಿದರು.

"ಎಲ್ಲಾ ಇಂಜೆಕ್ಷನ್ ಮುಗಿಯೋವರೆಗೂ ಬೀದಿಗೆ ಬಿಡಬೇಡಿ. ಒಳಗೇ ಒಂದು ಮೂಲೇಲಿ ನ್ಯೂಸ್‌ಪೇಪರ್ ಹಾಸಿ. ಎದ್ದ ತಕ್ಷಣ, ಉಂಡ ತಕ್ಷಣ ಅಲ್ಲಿಗೆ ಕರ್ಕೊಂಡು ಹೋಗಿ. ಅಲ್ಲೇ ಮಾಡಿದ್ರೆ ಕೂಡಲೇ ಶಭಾಷ್ ಅಂತ ಏನಾದ್ರೂ ತಿನ್ನೋಕೆ ಕೊಡಿ. ಬೇರೆ ಕಡೆ ಮಾಡಿದ್ರೆ ಹೊಡೀಬೇಡಿ, ಮೂತಿ ಉಜ್ಜಬೇಡಿ. ಆಮೇಲೆ ಪೇಪರ್‌ನ ನಿಧಾನಕ್ಕೆ ಹಿತ್ತಲಿಗೆ ಜರುಗಿಸೋದು."

ತೀರ್ಥಪ್ಪ ಎಲ್ಲಕ್ಕೂ ತಲೆಯಾಡಿಸಿದ. ಹೊರಗೆ ಬಂದವನೇ ನಕ್ಕ.

"ಪೇಪರಂತೆ. ಒಂದು ಸಲಕ್ಕೆ ಹರಿದು ಮುದ್ದೆಯಾಗ್ತದೆ. ಓದಿದೋರು ಹಿಂಗೇ ಕಣೋ."

"ಮತ್ತೇನು ಹಾಸ್ತೀಯ?"

ಇದನ್ನು ಕೇಳಬೇಕೇ ಎಂಬಂತೆ ನನ್ನ ಮುಖ ನೋಡಿದ.

ಅಡುಗೆಮನೆಯ ಪಕ್ಕದ ಮೂಲೆಯಲ್ಲಿ ಗೋಣಿ ಹಾಸಿದ. ಹೇಳಿದ ಮಿಕ್ಕದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದ. ಮರಿ ಎದ್ದರೆ ಅಂಗಡಿಯಲ್ಲಿ ಗಿರಾಕಿಯನ್ನು ಬಿಟ್ಟು ಓಡುತ್ತಿದ್ದ. ಒಳಗಿನಿಂದ "ಮಾಡಪ್ಪಾ, ಮಾಡು, ನಮ್ಮಪ್ಪ ಅಲ್ವಾ" ಎಂದು ಓಲೈಸುವ ಸದ್ದು, ಸ್ವಲ್ಪ ಹೊತ್ತು ಮೌನ, ಆಮೇಲೆ "ಶಭಾಷ್ ಕಣಪ್ಪಾ" ಎಂಬ ಕೂಗು. ಕೂಗಿನ ಹಿಂದೆ ಒಂದು ಚೂರು ಕೊಬ್ಬರಿ. ಹೊರಗೆ ಕಾಯುತ್ತಿದ್ದ ರೈತರಿಗೆ ಒಳಗೆ ಯಾರಿಗೆ ಏನಾಗುತ್ತಿದೆ ಎಂದು ನಾನೇ ವಿವರಿಸಬೇಕಾಗುತ್ತಿತ್ತು.

ಮರಿ ಚುರುಕು. ತಿಂಗಳೊಳಗೆ ಪೂರ್ತಿ ಕಲಿತುಬಿಟ್ಟಿತು. ತೊಳೆದ ನೆಲದ ಮೇಲೆ ಹನಿ ಇಲ್ಲ. ಅವಸರವಾದರೆ ಕುಂಯ್‌ಗುಟ್ಟುತ್ತಾ ಗೋಣಿಯನ್ನೇ ಹುಡುಕಿಕೊಂಡು ಓಡುತ್ತಿತ್ತು. ತೀರ್ಥಪ್ಪ ಬೀದಿಯಲ್ಲಿ ಎದೆ ಮುಂದೆ ಮಾಡಿ ನಡೆದ. ಮಲ್ಲಿಕಾಂಬ ಕೂಡ ಒಂದು ದಿನ ಅದಕ್ಕೆ ಮಜ್ಜಿಗೆ ಅನ್ನ ಕಲಸಿ ಇಟ್ಟರು, ಯಾರೂ ನೋಡಲಿಲ್ಲವೆಂದುಕೊಂಡು.

ಆಗಲೇ ಕಾಲು ಬಲಿತ ಅಮಲ್ದಾರ, ಮನೆಯಿಂದ ಗೋಡೌನಿಗೆ ಇರುವ ಮೆಟ್ಟಿಲನ್ನು ತಾನೇ ಇಳಿಯಲು ಕಲಿತದ್ದು.

ಅವನ ಕಣ್ಣಿನಿಂದ ನೋಡಬೇಕು. ಇಷ್ಟು ದಿನ ಒಂದು ಮೂಲೆಗೆ ಓಡಿ ಓಡಿ ಹೋಗುತ್ತಿದ್ದವನ ಎದುರಿಗೆ ನೆಲದಿಂದ ಸೂರಿನವರೆಗೆ ಗೋಣಿ. ಎತ್ತ ತಿರುಗಿದರೂ ಶಭಾಷ್, ಎತ್ತ ತಿರುಗಿದರೂ ಕೊಬ್ಬರಿ. ಯಾವುದಕ್ಕೂ ಅನ್ಯಾಯವಾಗಬಾರದೆಂದು ಅವನು ಕೆಳಗಿನ ಸಾಲಿನ ಒಂದೊಂದು ಕಟ್ಟಿಗೂ ಸ್ವಲ್ಪ ಸ್ವಲ್ಪ ಹಂಚಿಕೊಂಡು ಬಂದ.

ಚೀಲವನ್ನು ಮೂಸಿದರೆ ಅದರಲ್ಲಿ ಏನಿತ್ತೆಂದು ಹೇಳುವ ಮೂಗು ತೀರ್ಥಪ್ಪನದು. ಈ ವಾಸನೆ ಮಾತ್ರ ಅದಕ್ಕೆ ತಾಗಲೇ ಇಲ್ಲ. ನಾಯಿ ತನ್ನದಾದ ಮೇಲೆ ಮೂಗೂ ಅದರ ಪರವಾಗಿ ಹೋಯಿತೋ ಏನೋ. ಅದು ಗೊತ್ತಾದದ್ದು ಕಡೂರಿನಲ್ಲಿ. ಅಲ್ಲಿನ ಕೊಬ್ಬರಿ ವ್ಯಾಪಾರಿ ಗುರುಮೂರ್ತಿ, ತೀರ್ಥಪ್ಪನ ಹಳೆಯ ಗಿರಾಕಿ, ಚೀಲದ ಕಟ್ಟು ಬಿಚ್ಚಿಸಿ ಮೂಗಿಗೆ ಹಿಡಿದು, ಲಾರಿಯನ್ನು ಹಾಗೇ ತಿರುಗಿಸಿ ಕಳಿಸಿದ. ಹಿಂದೆಯೇ ಫೋನು ಬಂತು. ತೀರ್ಥಪ್ಪ ಸ್ಪೀಕರ್ ಹಾಕಿಯೇ ಮಾತಾಡುವವನಾದ್ದರಿಂದ ಬೀದಿಗೆಲ್ಲ ಕೇಳಿಸಿತು.

"ಏನ್ರೀ ತೀರ್ಥಪ್ಪ, ಈ ಚೀಲದಲ್ಲಿ ಏನ್ ತುಂಬಿದ್ರಿ?"

"ಕಡಲೆ ಕಣ್ರೀ, ಒಳ್ಳೇ ಕಡಲೆ."

"ಕಡಲೆ ತುಂಬಿದ್ರೋ, ಕಡಲೆ ತಿಂದೋರ್ನ ತುಂಬಿದ್ರೋ? ನಮ್ಮ ಹಮಾಲಿಗಳು ಹೊರಕ್ಕೆ ಒಲ್ಲೆ ಅಂತಾರೆ."

ತೀರ್ಥಪ್ಪ ಫೋನಿಟ್ಟು ಗೋಡೌನಿಗೆ ಹೋದ. ಮೊದಲ ಬಾರಿಗೆ ಮಂಡಿಯೂರಿ ಕೆಳಗಿನ ಸಾಲನ್ನು ಮೂಸಿದ. ಪಕ್ಕದಲ್ಲೇ ಅಮಲ್ದಾರ ಇನ್ನೊಂದು ಕಟ್ಟಿನ ಹತ್ತಿರ ಕಾಲೂರಿ, ಮುಗಿಸಿ, ಬಾಲ ಆಡಿಸುತ್ತಾ ಕೊಬ್ಬರಿಗಾಗಿ ಇವನ ಕೈ ನೋಡಿದ.

ಡಾಕ್ಟರು ಎಲ್ಲವನ್ನೂ ಕೇಳಿ, ಸ್ವಲ್ಪ ಹೊತ್ತು ಕಿಟಕಿಯ ಕಡೆ ಮುಖ ಮಾಡಿ ನಿಂತರು. ನಗು ನಿಂತ ಮೇಲೆ ತಿರುಗಿದರು.

"ನೀವು ಕಲಿಸಿದ್ದನ್ನ ಅದು ಸರಿಯಾಗೇ ಕಲ್ತಿದೆ. ಅದರದ್ದು ತಪ್ಪಿಲ್ಲ. ಒಂದೇ ಒಂದು ಗೋಣಿ ತುಂಡು ಹಿತ್ತಲಲ್ಲಿ ಹಾಕಿ, ಅಲ್ಲಿಗೆ ಕರ್ಕೊಂಡು ಹೋಗಿ. ದಿನಾ ಆ ತುಂಡನ್ನ ಕತ್ತರಿಸ್ತಾ ಬನ್ನಿ, ಕೊನೆಗೆ ಮಣ್ಣು ಉಳೀತದೆ. ಆದ್ರೆ ಬೇರೆಲ್ಲೂ ಅದಕ್ಕೆ ಗೋಣಿ ಕಾಣಿಸಬಾರದು, ಕಾಲಿಗೆ ತಾಗಬಾರದು."

"ಮೇಡಂ," ಎಂದ ತೀರ್ಥಪ್ಪ, "ನಾನು ಗೋಣಿ ಅಂಗಡಿಯೋನು."

"ಹಂಗಾದ್ರೆ ಮುಚ್ಚಿ."

"ಅಂಗಡೀನಾ?"

"ಗೋಣೀನ."

ಎರಡು ದಿನ ಬಿಟ್ಟು ಒಂದು ಮಧ್ಯಾಹ್ನ, ಬೀದಿ ಬಿಕೋ ಎನ್ನುವ ಹೊತ್ತಿನಲ್ಲಿ ಅವನು ನನ್ನ ಅಂಗಡಿಗೆ ಬಂದ. ಹಿಂದಿನ ಬಾಗಿಲಿಂದ ಬಂದ. ಪಾದಪೂಜೆಗೆ ಎರಡೇ ವಾರ ಉಳಿದಿತ್ತು. ಬಟ್ಟೆ ಮುಚ್ಚಿ ನೋಡಿದ್ದನಂತೆ, ಅಮಲ್ದಾರ ಬಟ್ಟೆ ಎಳೆದು ಹಾಕಿ ಕೆಳಗಿನ ಗೋಣಿಯನ್ನು ಹುಡುಕಿಕೊಂಡಿದ್ದನಂತೆ. ಇಷ್ಟು ಹೇಳಿ ಅಂಗಡಿಯ ಮೂಲೆಗಳತ್ತ ಕಣ್ಣಾಡಿಸಿದ. ಕೈ ಹಿಂಡಿಯ ಮೂಟೆಯ ಮೇಲಿತ್ತು.

"ಖಾಲಿ ಚೀಲ ಇದಾವಾ?"

"ಎಂಥ ಚೀಲ?"

"ನಿಂಗೊತ್ತಿಲ್ವಾ?"

"ನಮ್ಮಲ್ಲಿ ಉಸಿರಿಲ್ಲದ್ದು ಮಾತ್ರ ಇರೋದು ತೀರ್ಥ."

"ಲೇ, ಎಷ್ಟು ಅನ್ನಬೇಕೋ ಅಂದ್ಕೋ. ಅಂದಾದ ಮೇಲೆ ಕೊಡು."

ಅನ್ನುವುದಕ್ಕೆ ನನ್ನಲ್ಲಿ ಬಹಳ ವರ್ಷದ್ದು ಕೂಡಿತ್ತು. ಆದರೆ ಅವನ ಅಂಗಿಯ ಜೇಬಿನಿಂದ ಕೊಬ್ಬರಿ ಚೂರು ಇಣುಕುತ್ತಿತ್ತು, ಮುಖ ನಿದ್ದೆಗೆಟ್ಟಂತಿತ್ತು. ಚೀಲ ಕೊಟ್ಟೆ. ಹಳೆಯದಕ್ಕೆ ಏನು ದರವೋ ಅದೇ ದರಕ್ಕೆ ಕೊಟ್ಟೆ, ಪುಕ್ಕಟೆ ಕೊಟ್ಟಿದ್ದರೆ ಅವನಿಗೆ ಅವಮಾನವಾಗುತ್ತಿತ್ತು.

ಅವನು ಅವುಗಳ ಮಗ್ಗುಲು ಸೀಳಿ, ಗೋಣಿ ಹೊಲಿಯುವ ದಬ್ಬಳದಿಂದಲೇ ಒಂದಕ್ಕೊಂದು ಸೇರಿಸಿ ಹೊಲಿದ. ಗೋಡೌನಿನ ಸುತ್ತ ಕೆಳಗಿನ ಸಾಲುಗಳಿಗೆ ಬಿಗಿಯಾಗಿ ಕಟ್ಟಿದ. ಹೀಗೆ ಗೋಣಿ ತೀರ್ಥಪ್ಪನ ಗೋಡೌನಿನ ತುಂಬ ಹಸುವಿನ ಚಿತ್ರ. ಬಂದ ರೈತರು "ಏನ್ ಸಾವ್ಕಾರ್ರೇ, ಹಿಂಡಿ ವ್ಯಾಪಾರಕ್ಕೆ ಇಳಿದ್ರಾ?" ಎಂದು ಕೇಳಿದರೆ, "ಥಂಡಿ ಹೊಡೀತದೆ, ಅದಕ್ಕೆ" ಎನ್ನುತ್ತಿದ್ದ. ಅಮಲ್ದಾರ ಮೊದಲ ದಿನ ಸಾಲು ಸಾಲಾಗಿ ಮೂಸಿ, ಜಾರುವ ಪ್ಲಾಸ್ಟಿಕ್ಕಿನ ಮೇಲೆ ಕಾಲಿಟ್ಟು ತೆಗೆದು, ಮೋಸ ಹೋದವನಂತೆ ತೀರ್ಥಪ್ಪನನ್ನು ನೋಡಿದ. ಆಮೇಲೆ ನುಗ್ಗೆಮರದ ಬುಡದ ತುಂಡಿಗೆ ಹೋದ. ಆ ತುಂಡು ಮೊದಲು ಮಣೆಯಷ್ಟಿತ್ತು, ಆಮೇಲೆ ತಟ್ಟೆಯಷ್ಟಾಯಿತು, ಕೊನೆಗೆ ಅಂಗೈಯಷ್ಟು. ಆದರೂ ಹಳೆಯ ರುಚಿ ಅವನಿಗೆ ಪೂರ್ತಿ ಮರೆತಿರಲಿಲ್ಲ. ದಾರಿಯಲ್ಲಿ ಯಾರಾದರೂ ಗೋಣಿ ಹೊತ್ತು ಹೋದರೆ ನಿಂತು ನೋಡುತ್ತಿದ್ದ.

ಕಾರ್ತಿಕದ ಕೊನೆಯ ಸೋಮವಾರ ಬಂತು. ಆ ಮನೆಯ ಪಾದಪೂಜೆಗೆ ಪ್ರತಿ ವರ್ಷ ಹೊಸ ಗೋಣಿತಾಟು ಹಾಸಿ ಪಂಕ್ತಿ ಕೂರಿಸುವುದು ವಾಡಿಕೆ. ಈ ಸಲ ಪಡಸಾಲೆಯ ಉದ್ದಕ್ಕೂ ನನ್ನ ಹಸುಗಳೇ ಮಲಗಿದ್ದವು. ಅಯ್ಯನವರಿಗೆ ಮಾತ್ರ ಮಣೆ, ಅದರ ಮೇಲೆ ಕಂಬಳಿ. ಅವರು ಕೂರುತ್ತಾ ಸುತ್ತ ನೋಡಿದರು.

"ಏನಪ್ಪಾ ತೀರ್ಥಪ್ಪ, ಗೋಣಿ ಎಲ್ಲಾ ಖರ್ಚಾಗಿ ಹೋಯ್ತಾ?"

"ತೊಳೆಯಾಕೆ ಸಲೀಸು ಅಂತ, ಬುದ್ಧೀ" ಎಂದ ತೀರ್ಥಪ್ಪ, ನೆಲ ನೋಡುತ್ತಾ.

ಅಮಲ್ದಾರನನ್ನು ಹಿತ್ತಲಲ್ಲಿ ಕಟ್ಟಬಹುದಿತ್ತು. ಕಟ್ಟಿದರೆ ಕಲಿತ ಹಾಗಾಗಲಿಲ್ಲ, ಬಿಟ್ಟೇ ಇರಬೇಕು ಎಂದು ಮಲ್ಲಿಕಾಂಬ ಮೊದಲೇ ಹೇಳಿದ್ದರು. ಅವನು ಬಾಗಿಲಲ್ಲಿ ಮುಂಗಾಲಿನ ಮೇಲೆ ಗದ್ದವಿಟ್ಟು ಮಲಗಿದ್ದ. ಗಂಡ ಹೆಂಡತಿ ಪೂಜೆಗೆ ಕೂತರು. ತೀರ್ಥಪ್ಪನ ಎರಡು ಕೈಯೂ ಅಯ್ಯನವರ ಪಾದದ ಮೇಲೆ, ನೀರು ಎರೆಯುವ ಚೆಂಬು ಮಲ್ಲಿಕಾಂಬ ಅವರ ಕೈಯಲ್ಲಿ.

ಆ ಹೊತ್ತಿಗೆ ಕಡೂರಿನ ಗುರುಮೂರ್ತಿ ಬಂದ. ಲಾರಿ ತಿರುಗಿಸಿದ್ದಕ್ಕೆ ಮನಸ್ಸಲ್ಲಿ ಇರಿಸುಮುರಿಸಿತ್ತೋ ಏನೋ, ದಾಸೋಹಕ್ಕೆಂದು ತೆಂಗಿನಕಾಯಿ ತಂದಿದ್ದ. ತಂದದ್ದು ಗೋಣಿಚೀಲದಲ್ಲಿ. ಅದನ್ನು ಪಡಸಾಲೆಯ ಒಳಗೆ, ಹೊಸ್ತಿಲಿನ ಪಕ್ಕಕ್ಕೆ ಇಳಿಸಿ, ಕೈಮುಗಿದು ಕೂತ.

ಅಮಲ್ದಾರ ತಲೆಯೆತ್ತಿದ. ಎದ್ದ. ಮೈ ಮುರಿದು ಚೀಲದ ಹತ್ತಿರ ಬಂದು ಮೂಸಿದ. ಒಂದು ಸುತ್ತು ಹಾಕಿದ.

ತೀರ್ಥಪ್ಪ ಅದನ್ನು ಕಂಡ. ಪೂಜೆಯ ನಡುವೆ ಪಾದ ಬಿಟ್ಟು ಏಳುವ ಹಾಗಿಲ್ಲ. ನಾಯಿಯನ್ನು ಗದರುವ ಹಾಗಿಲ್ಲ. ಅವನು ನನ್ನ ಕಡೆ ನೋಡಿದ. ನಾನು ಗೋಡೆಯ ಪಕ್ಕ, ನಾಲ್ಕು ಜನರ ಆಚೆಗೆ ಸಿಕ್ಕಿಕೊಂಡಿದ್ದೆ. ಅಯ್ಯನವರು ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದರು. ಅಮಲ್ದಾರ ಎರಡನೇ ಸುತ್ತು ಮುಗಿಸಿ, ಜಾಗ ಗೊತ್ತು ಮಾಡಿಕೊಂಡು ನಿಂತ.

ಚೆಂಬು ನೆಲಕ್ಕೆ ತಾಗಿದ ಸದ್ದಾಯಿತು. ಮಲ್ಲಿಕಾಂಬ ಎದ್ದು ನಾಲ್ಕೇ ಹೆಜ್ಜೆಗೆ ಹೊಸ್ತಿಲು ಮುಟ್ಟಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ತೆಂಗಿನಕಾಯಿಯ ಚೀಲವನ್ನು ಕಿವಿ ಹಿಡಿದು ಎಳೆದರು. ಅದು ಕಾಯಿ ಕುಣಿಸುತ್ತಾ ಹೊಸ್ತಿಲು ದಾಟಿ ಹೊರಗಿನ ಜಗಲಿಗೆ ಬಿತ್ತು. ಹಿಂದೆಯೇ ಅಮಲ್ದಾರ ಓಡಿದ. ಆಕೆ ಬಾಗಿಲ ಬಳಿ ನಿಂತು, ಅವನು ಮುಗಿಸುವವರೆಗೆ ಕಾದರು. ನಂತರ ಕೈಕಾಲು ತೊಳೆದು ಬಂದು ಚೆಂಬು ಎತ್ತಿಕೊಂಡರು. ಅಯ್ಯನವರು ಕಣ್ಣು ತೆರೆಯಲಿಲ್ಲ. ಮಂತ್ರ ಮಾತ್ರ ಅಷ್ಟು ಹೊತ್ತು ಒಂದೇ ಸಾಲಿನಲ್ಲಿ ನಿಂತಿತ್ತು.

ಊಟಕ್ಕೆ ಬಡಿಸುವಾಗ ನಾನು ಕೇಳಿದೆ.

"ಅತ್ತಿಗೆ, ಹಂಗಾದ್ರೆ ಲಿಂಗದಹಳ್ಳಿ?"

"ಮನೆ ಒಳಗೆ ಅಂತ ಹೇಳಿದ್ದೆ ರುದ್ರಣ್ಣ. ಒಳಗೆ ಮಾಡಿತಾ?"

"ಇಲ್ಲ."

"ಮತ್ತೆ ಪಾಯಸ ಹಾಕಿಸ್ಕೊಳ್ಳಿ."

ಗುರುಮೂರ್ತಿ ಹೊರಡುವಾಗ ಖಾಲಿ ಚೀಲಕ್ಕಾಗಿ ಜಗಲಿಗೆ ಹೋಗಿ, ಎತ್ತಿ, ಅಭ್ಯಾಸದಂತೆ ಮೂಗಿಗೆ ಹಿಡಿದ. ಹಿಡಿದಷ್ಟೇ ಬೇಗ ದೂರ ಹಿಡಿದ.

"ತೀರ್ಥಪ್ಪನೋರೇ, ಇದು ನಿಮ್ಮ ಅಂಗಡಿ ಚೀಲವೇ ಇರಬೇಕು."

"ಇಲ್ಲೇ ಬಿಟ್ಟು ಹೋಗ್ರಿ, ತೊಳೆದು ಕಳಿಸ್ತೀನಿ" ಎಂದ ತೀರ್ಥಪ್ಪ. ಅಮಲ್ದಾರ ಅವನ ಕಾಲಿನ ನಡುವೆ ಕೂತು ಪಾಯಸದ ಬೆರಳು ನೆಕ್ಕುತ್ತಿದ್ದ.

ಅಮಲ್ದಾರ ಈಗ ಮಂಡಿಯೆತ್ತರ ಬೆಳೆದಿದ್ದಾನೆ. ಅವಸರವಾದರೆ ನೇರ ನುಗ್ಗೆಮರದ ಬುಡಕ್ಕೆ ಹೋಗುತ್ತಾನೆ. ಅಲ್ಲಿ ಗೋಣಿಯ ಒಂದು ಎಳೆಯೂ ಉಳಿದಿಲ್ಲ. ಇಲಿ ಇನ್ನೂ ಹಿಡಿದಿಲ್ಲ. ಗೋಡೌನಿನ ಹಸುವಿನ ಚಿತ್ರಗಳನ್ನು ಇನ್ನು ಬಿಚ್ಚಬಹುದಲ್ಲ ಎಂದು ಮೊನ್ನೆ ಕೇಳಿದೆ. ತೀರ್ಥಪ್ಪ ದಬ್ಬಳದಿಂದ ಕಣ್ಣೆತ್ತಲಿಲ್ಲ.

"ಇರಲಿ ಬಿಡೋ. ಥಂಡಿ ಹೊಡೀತದೆ."