ಅಣ್ಣನಿಗೆ ಮಾರಿದ ಮೋಟಾರ್ ದೋಣಿ

ನನ್ನನ್ನು ಕೊಟ್ಟ ಮನೆ ದೇವದುರ್ಗದ ಕಡೆಯ ಗೂಗಲ್ ಎಂಬ ಊರಿನ ಹತ್ತಿರ, ಕೃಷ್ಣೆಯ ದಂಡೆಯಲ್ಲಿ. ನಾವು ಅಂಬಿಗರು. ಈ ದಡದ ಜನರನ್ನು ಆ ದಡಕ್ಕೆ ದಾಟಿಸುವುದೇ ಮನೆತನದ ಕಸುಬು. ಸುತ್ತಲಿನವರೆಲ್ಲ ಹರಿಗೋಲು ಹಾಕುತ್ತಿದ್ದ ಕಾಲದಲ್ಲೇ ನಮ್ಮ ಮಾವ ಒಂದು ಮೋಟಾರ್ ದೋಣಿ ತಂದಿದ್ದರು. ಯಾವನೋ ಗುತ್ತೇದಾರ ತನ್ನ ಕೆಲಸ ಮುಗಿಸಿ ಮಾರಿಹೋದ ಮರದ ದೋಣಿ, ಅದರ ಹೊಟ್ಟೆಯಲ್ಲೊಂದು ಸೀಮೆಎಣ್ಣೆಯ ಇಂಜಿನ್ನು. ಅದು ಭಡಭಡ ಎಂದರೆ ದಂಡೆಯ ಎಮ್ಮೆಗಳು ಬಾಲ ಎತ್ತಿ ಓಡುತ್ತಿದ್ದವು. ನಾನು ಮದುವೆಯಾಗಿ ಬಂದಾಗ ಊರ ಹೆಂಗಸರು ನನ್ನ ಹೆಸರು ಕೇಳಲಿಲ್ಲ, "ಇಂಜಿನ್ ಮನಿ ಸೊಸಿ" ಎಂದೇ ಕರೆದರು. ಸುಳ್ಳೇಕೆ ಹೇಳಲಿ, ನನಗದು ಬಹಳ ಹಿಡಿಸಿತು.

ದೊಡ್ಡ ಯುದ್ಧ ಮುಗಿದ ಮರುವರ್ಷ, ರಾಯಚೂರಿನ ಒಬ್ಬ ವ್ಯಾಪಾರಿ ಮಿಲಿಟರಿಯ ಹಳೆ ಸಾಮಾನು ತರಿಸಿ ಮಾರುತ್ತಿದ್ದಾನೆ, ಅದರಲ್ಲೊಂದು ಲಾಂಚು ಇದೆ ಎಂದು ಸುದ್ದಿ ಬಂತು. ನೋಡಲು ಹೊರಟ ಗಂಡನ ಬೆನ್ನು ಬಿದ್ದು ನಾನೂ ಹೋದೆ. ಸ್ಟೇಷನ್ನಿನ ಹಿಂದೆ ತಗಡಿನ ಶೆಡ್ಡಿನಲ್ಲಿ ಅದನ್ನು ನಿಲ್ಲಿಸಿದ್ದರು. ನೀಲಿ ಬಣ್ಣ, ನೆರಳಿಗೆ ಚಾವಣಿ, ಎರಡೂ ಕಡೆ ಕೂರಲು ಹಲಗೆ, ಮುಂದುಗಡೆ ರಬ್ಬರಿನ ಹಾರ್ನು. ನಮ್ಮ ದೋಣಿಯಲ್ಲಿ ಜನ ಮೂಟೆಗಳ ಮೇಲೆ, ಆಡುಗಳ ನಡುವೆ ಕುಕ್ಕರಗಾಲಲ್ಲಿ ಕೂರಬೇಕಿತ್ತು. ನಾನು ಹಾರ್ನು ಒತ್ತಿದೆ. ಶೆಡ್ಡಿನ ಮಂದಿಯೆಲ್ಲ ತಿರುಗಿ ನೋಡಿದರು. ನಮ್ಮವರು ನಾಚಿ, "ಲೇ, ಕೈ ತಗಿ" ಎಂದರು. ನಾನು ಇನ್ನೊಮ್ಮೆ ಒತ್ತಿದೆ.

ಹಳೆಯ ದೋಣಿ ತೆಗೆದುಕೊಂಡು, ಮೇಲೊಂದಿಷ್ಟು ರೊಕ್ಕ ಹಾಕಿಸಿಕೊಂಡು ಲಾಂಚು ಕೊಡಲು ವ್ಯಾಪಾರಿ ಒಪ್ಪಿದ. ದೋಣಿ ನೋಡಲು ಅವನ ಮಿಸ್ತ್ರಿ ನಮ್ಮೂರಿಗೆ ಬಂದ. ಇಂಜಿನ್ನು ಹಚ್ಚಿ, ನಡುನೀರಿಗೆ ಹೋಗಿ ಬಂದು, ಆರಿಸಿ, ಮತ್ತೆ ಹಚ್ಚಲು ಹೋದ. ಹತ್ತಲಿಲ್ಲ. ಅದರ ರೋಗವೇ ಅದು. ತಣ್ಣಗಿದ್ದಾಗ ಒಂದೇ ತಿರುವಿಗೆ ಹತ್ತುತ್ತಿತ್ತು. ಓಡಿ ಬಿಸಿಯಾಗಿ ಒಮ್ಮೆ ನಿಂತಿತೋ, ಪೂರ್ತಿ ತಣ್ಣಗಾಗುವವರೆಗೆ ಬ್ರಹ್ಮ ಬಂದರೂ ಹತ್ತುತ್ತಿರಲಿಲ್ಲ. ಆ ವರ್ಷವೇ ಶುರುವಾದ ರೋಗ. ನಮ್ಮವರು ದಡ ಮುಟ್ಟುವವರೆಗೆ ನಿಲ್ಲದಂತೆ ಹೇಗೋ ಸಂಭಾಳಿಸುತ್ತಿದ್ದರು. ಮಿಸ್ತ್ರಿ ಕೈ ಒರೆಸಿಕೊಂಡು, "ಇದು ನಮಗ ಬ್ಯಾಡ್ರಿ. ನೀವಽ ಎಲ್ಲೆರ ಮಾರಿ ರೊಕ್ಕ ತಗೊಂಡು ಬರ್ರಿ" ಎಂದು ಹೋದ.

ಮಾವ ಮೆತ್ತನೆಯ ಮನುಷ್ಯ. ಅತ್ತೆ ತೀರಿಕೊಂಡು ಅಡುಗೆಮನೆ ನನ್ನ ಕೈಗೆ ಬಂದ ಮೇಲೆ ಒಂದು ದಿನವೂ ಗದರಿದವರಲ್ಲ. "ಹೋಗ್ಲಿ ಬಿಡವ್ವಾ, ಹಾಸಿಗಿ ಇದ್ದಷ್ಟು ಕಾಲು ಚಾಚೂಣು" ಎಂದರು. ನಮ್ಮವರೂ ಹೂಂ ಎಂದರು. ಬಿಡದವಳು ನಾನು.

"ನಮ್ಮಣ್ಣಗ ಹೇಳಿ ಕಳಸ್ರಿ. ಅವಗ ಇಂಜಿನ್ ದೋಣಿ ಬೇಕಾಗ್ಯದ."

ಮಾವ ಗಾಬರಿಯಾದರು. "ಬೀಗರಿಗೆ ಇಂಥಾದ್ದು ಕೊಡೂದೇನವ್ವಾ? ಬ್ಯಾಡ."

"ನಡುವ ನಿಲ್ಲಿಸದಿದ್ರಾತು. ನಾವು ನಡಸಾಕತ್ತಿಲ್ಲೇನು?" ಎಂದೆ. ಎರಡು ದಿನ ಮುಖ ಊದಿಸಿಕೊಂಡು ಪಾತ್ರೆ ಕುಕ್ಕಿದೆ. ಕೊನೆಗೆ ಅವರೇ ಸೋತರು.

ನನ್ನ ತವರು ಮಾನ್ವಿಯ ಕಡೆ, ತುಂಗಭದ್ರೆಯ ದಂಡೆ. ಅಲ್ಲಿ ಹೊಳೆ ದಾಟಿಸುವ ಗುತ್ತಿಗೆ ಅಣ್ಣನದು. ಪೈಪೋಟಿಗೆ ಬೇರೊಬ್ಬ ನಿಂತಿದ್ದ, ಗುತ್ತಿಗೆ ಉಳಿಸಿಕೊಳ್ಳಲು ಅಣ್ಣನಿಗೆ ಇಂಜಿನ್ ದೋಣಿ ಬೇಕಿತ್ತು. ನಾನು ಕೂಸಿದ್ದಾಗಲೇ ತಾಯಿ ಹೋದಳು. ಅಪ್ಪ ಸದಾ ಹೊಳೆಯಲ್ಲೇ. ಒಲೆ ಹಚ್ಚಿ, ರೊಟ್ಟಿ ಬಡಿದು, ನನ್ನ ಹೆರಳು ಹಾಕಿ ದೊಡ್ಡವಳನ್ನು ಮಾಡಿದವನು ಅಣ್ಣ. ನನ್ನ ಮದುವೆ ಮಾಡಿಯೇ ತಾನು ಮದುವೆಯಾದ. ಅಂಥವನ ಕೊರಳಿಗೆ ಈ ದೋಣಿ ಕಟ್ಟಲು ಹೊರಟಿದ್ದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುತ್ತಾರಲ್ಲ, ಅದನ್ನು ಖರೆ ಮಾಡಿ ತೋರಿಸಿದೆ.

ಅಣ್ಣ ಬಂದ. ಮರುದಿನ ಮುಂಜಾನೆ ತಂಪಿನಲ್ಲಿ ಅವನನ್ನು ದೋಣಿಗೆ ಹತ್ತಿಸಿದರು. ಒಂದೇ ತಿರುವು, ಭಡಭಡ. ಆ ದಡಕ್ಕೆ ಹೋಗಿ, ನಿಲ್ಲಿಸದೆ ತಿರುಗಿಸಿಕೊಂಡು ಬಂದರು. ಅಣ್ಣನ ಮುಖ ಅರಳಿತ್ತು. ನಮ್ಮವರು ಇಂಜಿನ್ನು ಆರಿಸಿದರು. ಅಣ್ಣ ಇಳಿಯಲಿಲ್ಲ. ಇಂಜಿನ್ನು ತಿರುವುವ ಹಿಡಿಕೆಗೆ ಕೈ ಹಾಕಿ, "ಬೀಗರ, ಇನ್ನೊಮ್ಮಿ ನಾನಽ ಹಚ್ಚಿ ನೋಡತೀನ್ರಿ" ಎಂದ.

ಮಾವ ನೆಲ ನೋಡಿದರು. ನಮ್ಮವರ ಮುಖ ಸುಣ್ಣದಂತಾಯಿತು. ಇಬ್ಬರಿಗೂ ಸುಳ್ಳು ಹೇಳಲು ಬರುತ್ತಿರಲಿಲ್ಲ. ಬರುತ್ತಿದ್ದವಳು ನಾನು, ಕೊಡ ಹಿಡಿದು ದಂಡೆಯ ಮೇಲೆ ನಿಂತಿದ್ದೆ.

"ಯಣ್ಣಾ, ಇಂಜಿನ್ ಎಲ್ಲಿ ಓಡಿ ಹೋಗ್ತದ? ಹೋಳಿಗಿ ಆರಾಕತ್ತ್ಯಾವ. ಮೊದಲು ಉಣ್ಣು ಬಾ."

ಅಣ್ಣ ನನ್ನ ಮುಖ ನೋಡಿದ. ಹಿಡಿಕೆಯಿಂದ ಕೈ ತೆಗೆದು ನನ್ನ ಹಿಂದೆ ಬಂದ.

ಮನೆಗೆ ಬಂದರೆ ಹೋಳಿಗೆ ಎಲ್ಲಿದೆ? ಕಡ್ಲೆಬೇಳೆ ಇನ್ನೂ ಒಲೆಯ ಮೇಲೆ ಕುದಿಯುತ್ತಿತ್ತು. ಅಣ್ಣನನ್ನು ಪಡಸಾಲೆಯಲ್ಲಿ ಕೂಡಿಸಿ, ಬೇಳೆ ಬಸಿದೆ, ಬೆಲ್ಲ ಹಾಕಿ ಕಾಯಿಸಿದೆ, ಒರಳಿಗೆ ಹಾಕಿ ಹೂರಣ ರುಬ್ಬಿದೆ. ಗಂಡಸರಿಗೆ ಅಡುಗೆಮನೆಯ ಹೊತ್ತು ಎಲ್ಲಿ ತಿಳಿಯುತ್ತದೆ ಎಂಬ ಧೈರ್ಯ ನನಗೆ. ಒಂದೊಂದೇ ಹೋಳಿಗೆ ಬೇಯಿಸಿ, ತುಪ್ಪ ಸುರಿದು, "ಇನ್ನೊಂದು, ನನ್ನ ಆಣಿ ಅದ" ಎಂದು ಹಾಕುತ್ತಲೇ ಹೋದೆ. ಅಣ್ಣ ಒಮ್ಮೆಯೂ ಸಾಕು ಎನ್ನಲಿಲ್ಲ. ತಲೆ ಬಗ್ಗಿಸಿ ಉಂಡ. ಮಾವ ಅವನ ಪಕ್ಕದಲ್ಲಿ ಕೂತು ತುತ್ತು ನುಂಗಲಾರದೆ ಒದ್ದಾಡುತ್ತಿದ್ದರು. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಹೋಗುವಷ್ಟರಲ್ಲಿ ಹೊಳೆಗಾಳಿಗೆ ಇಂಜಿನ್ನು ತಣ್ಣಗಾಗಿತ್ತು. ಅಣ್ಣ ತಿರುವಿದ. ಹತ್ತಿತು. "ಚಲೋ ಅದ. ತಗೋತೀನ್ರಿ" ಎಂದ.

ಅದಕ್ಕಾಗಿ ಅವನು ಜೋಡೆತ್ತು ಮಾರಿದ, ಎರಡೂ ಹರಿಗೋಲು ಮಾರಿದ. ಸಾಲದ್ದಕ್ಕೆ ಅವನ ಹೆಂಡತಿಯ ಬೋರಮಾಳ ಸರವೂ ಹೋಯಿತು. ದೋಣಿಯನ್ನು ಬಂಡಿಗಳ ಮೇಲೆ ಹೇರಿ ದೇವದುರ್ಗದ ಮೇಲಿಂದ ಮಾನ್ವಿಯ ಕಡೆ ಸಾಗಿಸಿದರು. ನಮ್ಮ ದಂಡೆಗೆ ನೀಲಿ ಲಾಂಚು ಬಂತು. ದೇವದುರ್ಗದ ಸಂತೆಯಲ್ಲಿ ಬಳೆಗಾರ್ತಿ, "ಲಾಂಚಿನ ಮನಿಯಾಕಿ, ಬರ್ರೀ ಯವ್ವಾ" ಎಂದು ಕರೆದಳು. ನಾನು ಎರಡೂ ಕೈ ತುಂಬ ಇಡಿಸಿಕೊಂಡೆ. ಇರುಳು ಮಲಗಿದಾಗ ಮಾತ್ರ ಅಣ್ಣ ತಲೆ ಬಗ್ಗಿಸಿ ಉಂಡದ್ದು ಕಣ್ಣಿಗೆ ಬರುತ್ತಿತ್ತು. ಇವತ್ತು ದೂರು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದೆ. ಬರಲಿಲ್ಲ. ಬಂದಿದ್ದರೆ ಜಗಳಾಡಿಯಾದರೂ ಹಗುರಾಗುತ್ತಿದ್ದೆ.

ಮುಂದಿನ ನಾಗರ ಪಂಚಮಿಗೆ ನನ್ನನ್ನು ಕರೆಯಲು ಅಣ್ಣ ಬಂದ. ದಾರಿಯಲ್ಲಿ ದೋಣಿ ಹೆಂಗದ ಎಂದು ಕೇಳಿದೆ. "ಅದ, ಅದ" ಎಂದಷ್ಟೇ ಹೇಳಿ ಮಾತು ಬದಲಿಸಿದ. ತವರು ಮುಟ್ಟಿ ಹೊಳೆಗೆ ನೀರಿಗೆ ಹೋದರೆ, ನಮ್ಮ ದೋಣಿ ಹಲಗೆ ಒಡೆದು ದಂಡೆಯ ಮೇಲೆ ಬೋರಲು ಬಿದ್ದಿತ್ತು. ಅಯ್ಯ ಶಿವನೇ, ಖಾಲಿ ಕೊಡ ಹಿಡಿದೇ ಮನೆಗೆ ತಿರುಗಿದೆ.

ಅತ್ತಿಗೆ ರೊಟ್ಟಿ ಬಡಿಯುತ್ತಿದ್ದಳು. ಕೊರಳಲ್ಲಿ ಬರೀ ತಾಳಿ. ಕೇಳಿದ್ದಕ್ಕೆ ಹೇಳಿದಳು: ಹೊಸ ನೀರು ಬಂದ ವಾರ ಸಂತೆಯ ಮಂದಿಯನ್ನು ತುಂಬಿಕೊಂಡು ಬರುವಾಗ ನಡುಹೊಳೆಯಲ್ಲಿ ಇಂಜಿನ್ನು ನಿಂತಿತಂತೆ. ಮತ್ತೆ ಹತ್ತಲಿಲ್ಲ. ಸೆಳವು ಎಳೆದೊಯ್ದು ಬಂಡೆಗೆ ಬಡಿಯಿತು. ಹರಿಗೋಲಿನವರು ಬಂದು ಒಬ್ಬೊಬ್ಬರನ್ನೇ ಎತ್ತಿಕೊಂಡರು. ಜೀವ ಉಳಿದವು, ಗುತ್ತಿಗೆ ಉಳಿಯಲಿಲ್ಲ. ಈಗ ಅದು ಆ ಪೈಪೋಟಿಯವನ ಪಾಲು, ಅಣ್ಣ ಅವನ ಹರಿಗೋಲಿನಲ್ಲೇ ಕೂಲಿಗೆ ಹುಟ್ಟು ಹಾಕುತ್ತಿದ್ದಾನೆ.

"ಅದರಾಗ ಅಂಥಾ ಊನ ಅದ ಅಂತ ನಮಗ ಗೊತ್ತಿರಲಿಲ್ಲ ಅತ್ತಿಗಿ" ಎಂದೆ. ನಾಲಿಗೆ ಅಷ್ಟು ಸಲೀಸಾಗಿ ಹೊರಳಿತು.

ರೊಟ್ಟಿಯ ಮೇಲಿನ ಕೈ ನಿಂತಿತು. "ಸುಮ್ಮನಿರವ್ವಾ! ಗೊತ್ತಿರಲಿಲ್ಲಂತ! ನಿಮ್ಮಣ್ಣಗ ಅವತ್ತಽ ಗೊತ್ತಾಗಿತ್ತು. ಹೋಳಿಗಿ ಆರಾಕತ್ತ್ಯಾವ ಅಂತ ಕರಕೊಂಡು ಹೋದೆಂತ, ಒಲಿ ಮ್ಯಾಲೆ ಬ್ಯಾಳಿ ಇನ್ನಾ ಕುದಿಯಾಕತ್ತಿತ್ತಂತ. ನಿನಗ ಹೋಳಿಗಿ ಮಾಡಿ ತಿನ್ನಿಸಿ ಬೆಳಸಿದಾಂವಗ ಅಷ್ಟು ತಿಳಿಯೂದಿಲ್ಲೇನು?"

ನಾನು ಎದ್ದು ಹೊಳೆಗೆ ಓಡಿದೆ. ಅಣ್ಣ ಮಂದಿಯನ್ನು ಇಳಿಸಿ ಹರಿಗೋಲು ದಡಕ್ಕೆ ಎಳೆಯುತ್ತಿದ್ದ. ಅಂಗೈ ತುಂಬ ಬೊಬ್ಬೆ.

"ಗೊತ್ತಿದ್ದೂ ಯಾಕ ತಗೊಂಡಿ ಅಣ್ಣಾ?"

ಅವನು ಹರಿಗೋಲನ್ನು ಗೂಟಕ್ಕೆ ಕಟ್ಟಿ, ನನ್ನ ಕಡೆ ತಿರುಗಿದ. ಸಿಟ್ಟಿರಲಿಲ್ಲ, ಅದೇ ನನ್ನನ್ನು ಕೊಂದದ್ದು.

"ನೀ ನನಗ ಸುಳ್ಳು ಹೇಳಾಕಿ ಅಲ್ಲ. ಅವರು ಹೆದರಿಸಿ ಹೇಳಿಸ್ಯಾರ ಅಂತ ನಿನ್ನ ಮುಖ ನೋಡಿ ಅಂದುಕೊಂಡೆ. ನಾ ಒಲ್ಲೆ ಅಂದು ಬಂದಿದ್ರ ಆ ಮನ್ಯಾಗ ನಿನ್ನ ಗತಿ ಏನಾಗ್ತಿತ್ತು? ಎತ್ತು ಹೋದ್ರ ಮತ್ತ ಬರ್ತಾವ. ಹೌದಲ್ಲ, ಅವರಽ ಹೇಳಿಸಿದ್ರಲ್ಲ? ಈಗೆರ ಚಂದಂಗ ನೋಡ್ಕೊಳ್ಳಾಕತ್ತಾರಿಲ್ಲ?"

ನನ್ನನ್ನು ಯಾರೂ ಹೆದರಿಸಿರಲಿಲ್ಲ. ಮಾವ ಬೇಡ ಎಂದಿದ್ದರು. ನಮ್ಮವರು ಲಾಂಚಿನ ಆಸೆ ಬಿಟ್ಟಿದ್ದರು. ಬೇಕಾಗಿದ್ದದ್ದು ನನಗೆ, ನನಗೊಬ್ಬಳಿಗೆ. ಹೇಳಬೇಕೆಂದು ಬಾಯಿ ತೆರೆದೆ. ಎತ್ತು, ಹರಿಗೋಲು, ಹೆಂಡತಿಯ ಸರ, ಗುತ್ತಿಗೆ ಎಲ್ಲ ಕಳೆದುಕೊಂಡು ನಿಂತವನಿಗೆ, ತಂಗಿಯನ್ನು ಉಳಿಸಿದೆ ಎಂಬುದೊಂದು ಉಳಿದಿತ್ತು. ಅದನ್ನು ಕಿತ್ತುಕೊಳ್ಳಲು ಮನಸ್ಸಾಗಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೂ ಪೂರ್ತಿ ಖರೆಯಲ್ಲ. ಅವನ ಕಣ್ಣಲ್ಲಿ ನಾನು ಒಳ್ಳೆಯವಳಾಗಿಯೇ ಇರಬೇಕೆಂಬ ಆಸೆ ಇನ್ನೂ ಇತ್ತು.

"ಹೂಂ ಅಣ್ಣಾ," ಎಂದೆ, "ಈಗ ಚಂದಂಗ ನೋಡ್ಕೋತಾರ."

ಅಷ್ಟು ದಿನ ಅವನಿಗದು ಬರೀ ಅನುಮಾನ, ನನ್ನ ಹೂಂನಿಂದ ಖಾತ್ರಿಯಾಯಿತು. ಅಲ್ಲಿಂದ ಮುಂದೆ ಪಂಚಮಿಗೆ ಕರೆಯಲು ಬಂದರೂ ಅಣ್ಣ ನಮ್ಮ ಹೊಸ್ತಿಲು ದಾಟಲಿಲ್ಲ, ನೀರೂ ಮುಟ್ಟಲಿಲ್ಲ. ಮಾವ ಚೊಂಬು ಹಿಡಿದು ಬಾಗಿಲ ತನಕ ಹೋಗಿ ತಿರುಗಿ ಬರುತ್ತಿದ್ದರು. ಸಾಯುವವರೆಗೂ ಆ ಮನುಷ್ಯ ನನ್ನನ್ನೇ ಕೇಳುತ್ತಿದ್ದರು, "ದೋಣಿ ಒಡದ ವರ್ಷನೂ ಒಳಗ ಬಂದು ಉಂಡಿದ್ರು. ಆಮ್ಯಾಲೆ ಬೀಗರು ನನ್ನ ಮ್ಯಾಲೆ ಯಾಕ ಸಿಟ್ಟಾಗ್ಯಾರವ್ವಾ, ನಿನಗೇನರ ಗೊತ್ತದ ಏನು?"