ತಾಯ್ಸಾ ಯಾವ ವಾರ?

ಯೋಲಾನಳ ಸಂಘಕ್ಕೆ ಬೋರ್ಡಿಲ್ಲ. ಹೊರ್ನಾದ್ ಹೊಳೆ ದಂಡೆಯ ನಮ್ಮ ರೋಮಾ ಜನರ ಕೇರಿಯಲ್ಲಿ, ನನ್ನ ಹಳೇ ಬಟ್ಟೆ ಅಂಗಡಿಯ ಹಿಂದಿನ ಕೋಣೆಯೇ ಅದರ ಕಚೇರಿ. ಬಾಡಿಗೆ ಮಾತೆತ್ತಿದರೆ "ನಿಮ್ಮ ಮೊಮ್ಮಕ್ಕಳಿಗೂ ಪಾಠ ಹೇಳ್ತೀನಲ್ಲ ಗೇಜಾ ಮಾವ" ಅನ್ನುತ್ತಾಳೆ. ಮೊಮ್ಮಕ್ಕಳು ಗುಣಾಕಾರ ಕಲಿತು ನನ್ನ ಬೆಲೆಗಳನ್ನೇ ಪ್ರಶ್ನಿಸುತ್ತವೆ. ಆ ನಷ್ಟ ಬೇರೆ.

ನಮ್ಮ ಮಕ್ಕಳನ್ನು ಊರ ಶಾಲೆಗೆ ಸೇರಿಸುವುದು, ಸೇರಿಸಿಕೊಳ್ಳದಿದ್ದರೆ ಹೋಗಿ ವಾದಿಸುವುದು ಅವಳ ಕೆಲಸ. ಶಾಲೆಯಲ್ಲಿ ನಿಧಾನದ ಮಕ್ಕಳ ತರಗತಿ ಅಂತೊಂದಿದೆ. ಅಲ್ಲಿ ಕೂತವರೆಲ್ಲ ನಮ್ಮವರೇ. ಯೋಲಾನಳೂ ಬಾಲ್ಯವಿಡೀ ಅಲ್ಲೇ ಕಾಗದದ ಹೂ ಕತ್ತರಿಸಿದವಳು. ಅದಕ್ಕೇ ಈ ಹಟ.

ಆ ಮಂಗಳವಾರ ಗಿಜ್ಕಾಳ ಮಗಳು ಸಿದ್ಕಾಗೆ ಶಾಲೆಯಲ್ಲಿ ಪರೀಕ್ಷೆ. ಮಗುವಿಗೆ ನಮ್ಮ ಮಾತು ಬಿಟ್ಟು ಬೇರೆ ಬಾರದು. ಮೇಡಂ ಕೇಳಿದ್ದನ್ನು ನಮ್ಮ ಮಾತಿಗೆ ತಿರುಗಿಸಿ ಹೇಳಲು ಯೋಲಾನ ಹೋಗಿದ್ದಳು. ಬಂದವಳೇ ಕೋಟುಗಳ ಗುಡ್ಡೆ ಮೇಲೆ ಕುಸಿದಳು.

"ಏನಾಯ್ತೇ?"

"ತಿಳೀತಿಲ್ಲ ಮಾವ. ಎಣಿಸ್ತು, ಬಣ್ಣ ಹೇಳ್ತು. ಇವತ್ತು ಮಂಗಳವಾರ ಅಂತ್ಲೂ ಹೇಳ್ತು. ನಿನ್ನೆ ಯಾವ ವಾರ ಅಂದ್ರೆ ಬುಧವಾರ ಅನ್ನತ್ತೆ. ನಾಳೆ ಯಾವುದು ಅಂದ್ರೆ ನನ್ನ ಮುಖ ನೋಡಿ, ಹೆದರ್ಕೊಂಡು, ಸೋಮವಾರ ಅನ್ನತ್ತೆ. ಮೇಡಂ ಪೆನ್ನಿನ ಮುಚ್ಚಳ ಹಾಕಿಬಿಟ್ರು. ಕಾಲದ ಅರಿವಿಲ್ಲ, ನಿಧಾನದ ತರಗತಿಗೇ ಹೋಗ್ಲಿ ಅಂದ್ರು."

"ಅವಳಮ್ಮ ತನ್ನ ಮದುವೆ ದಿನ ಮರೆತು ಆಲೂಗಡ್ಡೆ ಕೀಳೋಕೆ ಹೋಗಿದ್ಲು. ತಾಯಿಯಂತೆ ಮಗಳು."

"ಚೇಷ್ಟೆ ಬೇಡ ಮಾವ. ಮಗು ದಡ್ಡ ಅಲ್ಲ, ಅದು ನಂಗೆ ಗೊತ್ತು." ಕೋಟೊಂದರ ಗುಂಡಿ ತಿರುವಿದಳು. "ಗೊತ್ತಾ ಅಂತ ಈಗ ಅನುಮಾನ."

ಅಷ್ಟರಲ್ಲಿ ಮುದುಕಿ ವಿಲ್ಮಾ ಒಳಗೆ ಬಂದಳು. "ಗೇಜಾ, ಹೊಸ ಮೂಟೆ ಯಾವಾಗಲೋ?"

"ತಾಯ್ಸಾ."

"ಬಂತೋ, ಬರತ್ತೋ?"

"ತಾಯ್ಸಾ ಅಂದೆನಲ್ಲಕ್ಕ."

"ಪೂರ್ತಿ ಮಾತಾಡೋ. ಬಂತು ಅಂದ್ರೆ ನಿನ್ನೆ, ಬರತ್ತೆ ಅಂದ್ರೆ ನಾಳೆ. ನಿನ್ನ ಬರೀ ತಾಯ್ಸಾನ ನಾನೇನು ಹೊದ್ಕೊಳ್ಳಲಾ?"

ನಮ್ಮ ಮಾತಿನಲ್ಲಿ ನಿನ್ನೆಗೂ ನಾಳೆಗೂ ಅದೊಂದೇ ಪದ. ನನ್ನ ವ್ಯಾಪಾರ ನಿಂತಿರುವುದೇ ಅದರ ಮೇಲೆ.

ಯೋಲಾನ ಎದ್ದು ನಿಂತಿದ್ದಳು. "ಮಾವ, ನಾನೂ ಬರೀ 'ತಾಯ್ಸಾ ಯಾವ ವಾರ' ಅಂದೆ. ಎರಡು ಸಲಾನೂ. ಮಗು ಮೊದ್ಲು ಬುಧವಾರ ಅಂತು. ಮತ್ತೆ ಅದನ್ನೇ ಕೇಳಿದ್ದಕ್ಕೆ, ತಪ್ಪು ಹೇಳಿದೆ ಅಂದ್ಕೊಂಡು ಸೋಮವಾರ ಅಂತು."

"ಹಾಗಾದ್ರೆ ದಡ್ಡಿ ನೀನು."

"ಹೌದೇನೋ."

ಮರುದಿನ ಮಗುವಿನ ಜೊತೆ ನನ್ನನ್ನೂ ಸಾಕ್ಷಿಗೆಂದು ಎಳೆದೊಯ್ದಳು. ಮೇಡಂ ಎಲ್ಲ ಕೇಳಿ ಹುಬ್ಬು ಗಂಟಿಕ್ಕಿದರು. "ಎರಡಕ್ಕೂ ಒಂದೇ ಪದ ಇಟ್ಕೊಂಡು ಹೆಂಗ್ರೀ ಬದುಕ್ತೀರಾ?"

"ವ್ಯಾಪಾರಕ್ಕೆ ಅನುಕೂಲ ಮೇಡಂ" ಅಂದೆ. ಯೋಲಾನ ನನ್ನ ಕಾಲು ತುಳಿದಳು.

ಈ ಸಲ ಅವಳು ಬಿಡಿಸಿ ಕೇಳಿದಳು. "ಹೋದ ತಾಯ್ಸಾ ಯಾವ ವಾರ ಪುಟ್ಟಿ?"

"ಮಂಗಳವಾರ."

"ಬರೋ ತಾಯ್ಸಾ?"

"ಗುರುವಾರ." ಇಷ್ಟಕ್ಕೆ ಯಾಕೆ ಇಷ್ಟು ಜನ ಎಂಬಂತೆ ಮಗು ನಮ್ಮನ್ನೆಲ್ಲ ನೋಡಿತು.

ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಸೆಪ್ಟೆಂಬರಿಗೆ ಸಿದ್ಕಾ ಎಲ್ಲರ ತರಗತಿಗೇ ಹೋಗುತ್ತಾಳೆ.

ವಾಪಸು ಬರುವಾಗ ಯೋಲಾನಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಸೇತುವೆ ಮೇಲೆ ನಿಂತಳು.

"ಚಿಕ್ಕೋಳಿದ್ದಾಗ ನಂಗೂ ಇದನ್ನೇ ಕೇಳಿದ್ರು ಮಾವ. ಅಜ್ಜಿ ನಮ್ಮ ಮಾತಿಗೆ ತಿರುಗಿಸಿ ಹೇಳಿದ್ಲು. ನಾನೇನಂದ್ನೋ ನೆನಪಿಲ್ಲ."

"ಸರಿಯಾಗೇ ಹೇಳಿರ್ತೀಯ ಬಿಡು."

"ಯಾವ ತಾಯ್ಸಾಗೆ?"

  ಸಿದ್ಕಾ ಅವಳ ಕೈ ಜಗ್ಗಿ, ಶಾಲೆ ಯಾವಾಗ ಶುರು ಎಂದು ಕೇಳುತ್ತಲೇ ಇದ್ದಳು.