ಅಕ್ಕನ ಅಳತೆ

ನಮ್ಮೂರಿನ ದರ್ಜಿಗಳು ಗಿರಾಕಿಯ ಮುಖ ನೋಡುವುದಿಲ್ಲ. ಹೊಲಿಗೆಯಂತ್ರದ ಮೇಲಿನ ಕಣ್ಣು ಎತ್ತದೆ, ಬಂದದ್ದು ಹೆಂಗಸೆಂದು ಬಳೆಯ ಸದ್ದಿನಿಂದಲೇ ತಿಳಿದುಕೊಂಡು, "ಅಳತೆ ರವಿಕೆ ತಂದಿದ್ದೀರಾ?" ಎಂದು ಕೇಳುತ್ತಾರೆ. ಟೇಪು ಅವರ ಕೊರಳಲ್ಲಿ ಜನಿವಾರದಷ್ಟೇ ಶಾಶ್ವತವಾಗಿ ನೇತಾಡುತ್ತಿದ್ದರೂ, ಅದು ನನ್ನ ವಯಸ್ಸಿನ ಹೆಂಗಸೊಬ್ಬಳ ಮೈಗೆ ತಾಗಿದ್ದನ್ನು ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ನಾನಂತೂ ಕಂಡಿಲ್ಲ. ಮೈಗೆ ಸರಿಯಾಗಿ ಕೂತ ಒಂದು ಹಳೆಯ ರವಿಕೆಯನ್ನು ನಾವು ಕೊಡಬೇಕು. ಅವರು ಅದನ್ನು ಬಟ್ಟೆಯ ಮೇಲೆ ಹಾಸಿ, ಅದರಂತೆಯೇ ಹೊಸದನ್ನು ಕತ್ತರಿಸಬೇಕು. ಕೊನೆಗೆ ಹೊಸದರ ಜೊತೆ ಹಳೆಯದೂ ಮನೆಗೆ ಮರಳಬೇಕು. ಬಲು ಮರ್ಯಾದೆಯ ಏರ್ಪಾಡು. ನಾವು ವರ್ಷವರ್ಷಕ್ಕೆ ದಪ್ಪಗಾದಂತೆ ಅಳತೆಯ ರವಿಕೆ ದಪ್ಪಗಾಗುವುದಿಲ್ಲವಾದ್ದರಿಂದ, "ಅದಕ್ಕಿಂತ ಅರ್ಧ ಇಂಚು ಬಿಡಿ" ಎಂಬ ತಿದ್ದುಪಡಿಯನ್ನು ನೆಲ ನೋಡುತ್ತ ಸೇರಿಸುವುದಷ್ಟೇ ನಮ್ಮ ಪಾಲಿನ ಕೆಲಸ.

ನನ್ನ ಅಳತೆಯ ರವಿಕೆ ನನ್ನದಲ್ಲ, ಸರಳಕ್ಕನದು. ಅವಳು ನನಗಿಂತ ಎರಡು ವರ್ಷ ದೊಡ್ಡವಳು. ಮದುವೆಯಾಗಿ ನಾನು ಶಿವಮೊಗ್ಗದ ಹೊಸಮನೆ ಬಡಾವಣೆಗೆ ಬಂದೆ, ಅವಳು ಭದ್ರಾವತಿಯ ನ್ಯೂಟೌನಿಗೆ ಹೋದಳು. ನಮ್ಮಪ್ಪ ಶಾಲೆಯ ಮೇಷ್ಟರು. ಇಬ್ಬರು ಹೆಣ್ಣುಮಕ್ಕಳಿಗೆ ಎರಡು ಅಳತೆ ಯಾಕೆ ಎಂಬುದು ಅವರ ಸಿದ್ಧಾಂತವಾಗಿತ್ತು. ಅಕ್ಕನಿಗೆ ಹೊಲಿಸಿದ್ದು ಎರಡು ವರ್ಷಕ್ಕೆ ನನಗೆ ಬರುತ್ತಿತ್ತು. ಹೀಗಾಗಿ ನಾನು ಆಜನ್ಮ ಎರಡು ವರ್ಷ ಹಿಂದಿನ ಫ್ಯಾಷನ್ನಿನಲ್ಲಿಯೇ ಬದುಕಿದವಳು. ಯಾರೋ ತೊಟ್ಟ ಬಟ್ಟೆಯನ್ನು ಅಭಿಮಾನದಿಂದ ತೊಡುವುದಕ್ಕೆ ಈಗಿನವರು ವಿಂಟೇಜ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ತಂಗಿ ಅನ್ನುತ್ತಿದ್ದರು.

ಆದರೆ ಅಕ್ಕನ ಹಳೆಯದು ಬೇರೆಯವರ ಹೊಸದಕ್ಕಿಂತ ಚೆನ್ನಾಗಿರುತ್ತಿತ್ತು ಎಂಬುದನ್ನು ದೇವರ ಮುಂದೆ ನಿಂತೂ ಹೇಳಬಲ್ಲೆ. ಶಿವಮೊಗ್ಗದ ಗಾಂಧಿ ಬಜಾರಿನ ಕಟ್‌ಪೀಸ್ ಗುಡ್ಡೆಯಲ್ಲಿ ಮೊಣಕೈವರೆಗೆ ಕೈ ಹಾಕಿ, ಎಲ್ಲರೂ ಬೇಡವೆಂದು ತಳ್ಳಿದ ತುಂಡನ್ನೇ ಎಳೆದು ತೆಗೆಯುವಳು. ಬೂದು ಬಣ್ಣದ ಸೀರೆಗೆ ಗಿಳಿಹಸಿರು ರವಿಕೆ ತೊಟ್ಟು ಅವಳು ನ್ಯೂಟೌನಿನ ದೇವಸ್ಥಾನಕ್ಕೆ ಹೋದರೆ, ಮುಂದಿನ ಶುಕ್ರವಾರ ನಾಲ್ಕು ಗಿಳಿಹಸಿರು ರವಿಕೆಗಳು ಪ್ರದಕ್ಷಿಣೆ ಹಾಕುತ್ತಿದ್ದವು. ನಾನು ಕನ್ನಡಿಯ ಮುಂದೆ ನಿಂತು ಹಣೆಯ ಕುಂಕುಮ ನೇರವಿದೆಯೇ ಎಂದಷ್ಟೇ ನೋಡಿಕೊಳ್ಳುವವಳು. ಅಕ್ಕ ತನ್ನನ್ನು ಪೂರ್ತಿಯಾಗಿ ನೋಡಿಕೊಳ್ಳುತ್ತಿದ್ದಳು, ಅದೂ ಸಂತೋಷದಿಂದ.

ಕಳೆದ ವರ್ಷ ಅವಳ ಎಡ ಎದೆಯಲ್ಲಿ ಗಂಟು ಸಿಕ್ಕಿತು. ಪರೀಕ್ಷೆಗೆ ಕೊಟ್ಟು ಬಂದ ದಿನ ನಾನು ಅಮ್ಮನವರ ಗುಡಿಯಲ್ಲಿ ಹರಕೆ ಹೊತ್ತೆ: ಅಕ್ಕನ ರಿಪೋರ್ಟು ಒಳ್ಳೆಯದು ಬರಲಿ, ಒಂದು ವರ್ಷ ಮೈಮೇಲೆ ಹೊಸ ಬಟ್ಟೆ ಹಾಕುವುದಿಲ್ಲ. ರಿಪೋರ್ಟು ಒಳ್ಳೆಯದು ಬರಲಿಲ್ಲ. ನ್ಯಾಯವಾಗಿ ನೋಡಿದರೆ ನನ್ನ ಹರಕೆ ಅಲ್ಲಿಗೇ ಬಿದ್ದುಹೋಗಬೇಕು. ಆದರೆ ದೇವರ ಹತ್ತಿರ ನ್ಯಾಯ ಮಾತಾಡುವ ಧೈರ್ಯ ನನಗಿಲ್ಲವಾಗಿ, ಅದೇ ಹರಕೆಯನ್ನು "ಆಪರೇಷನ್ ಚೆನ್ನಾಗಿ ಆಗಲಿ" ಎಂದು ಮುಂದಕ್ಕೆ ತಳ್ಳಿದೆ, ಆಮೇಲೆ "ಔಷಧಿ ಮೈಗೆ ಹಿಡಿಯಲಿ" ಎಂದು ಇನ್ನೂ ಮುಂದಕ್ಕೆ ತಳ್ಳಿದೆ. ಅಕ್ಕನಿಗೆ ಇದು ಗೊತ್ತಾದಾಗ ಆಸ್ಪತ್ರೆಯ ಮಂಚದ ಮೇಲೇ ನಕ್ಕುಬಿಟ್ಟಳು.

"ಅಲ್ಲ ಮಾರಾಯ್ತಿ, ಹೊಸ ಬಟ್ಟೆ ಬಿಡ್ತೀನಿ ಅಂತ ಹರಕೆ ಹೊತ್ಯಾ? ಹುಟ್ಟಿದಾಗಿಂದ ನನ್ನ ಹಳೇದು ಹಾಕ್ಕೊಂಡೋಳು ನೀನು. ನಿನ್ನ ಹತ್ರ ಇಲ್ದೇ ಇರೋದನ್ನ ದೇವ್ರಿಗೆ ಕೊಟ್ಟಿದೀಯಲ್ಲೇ!"

ನಾನೂ ನಕ್ಕೆ. ಮನೆಗೆ ಬಂದು ದೀಪ ಹಚ್ಚುವಾಗ ಮಾತ್ರ ಹೊಳೆಯಿತು: ಅವಳು ಹೇಳಿದ್ದು ನಿಜ. ಅತ್ಯಂತ ಕಷ್ಟದ ಕಾಲದಲ್ಲಿ ನಾನು ಅಮ್ಮನವರ ಮುಂದಿಟ್ಟದ್ದು ನನಗೆ ಯಾವ ನಷ್ಟವನ್ನೂ ತಾರದ ತ್ಯಾಗ.

ಆಪರೇಷನ್ನಿನಲ್ಲಿ ಎಡ ಎದೆಯನ್ನು ಪೂರ್ತಿ ತೆಗೆದರು. ಸಣ್ಣಪುಟ್ಟ ಅನುಗ್ರಹಗಳನ್ನು ಎಣಿಸುವುದು ನನ್ನ ಹಳೆಯ ಅಭ್ಯಾಸ, ಆಗಲೂ ಎಣಿಸಿದೆ. ಅವಳ ಮಂಚ ಕಿಟಕಿಯ ಪಕ್ಕ ಸಿಕ್ಕಿತ್ತು. ಊಟ ಸೇರುತ್ತಿತ್ತು. ಗಾಯ ಕೀವಾಗಲಿಲ್ಲ. ಆದರೆ ಮನೆಗೆ ಬಂದ ಅಕ್ಕ ನೈಟಿಯ ಮೇಲೊಂದು ಟವೆಲು ಹೊದ್ದು ಕೂತವಳು ಬಾಗಿಲಾಚೆ ಕಾಲಿಡಲಿಲ್ಲ. ಎದೆಗಿಟ್ಟುಕೊಳ್ಳಲು ಆಸ್ಪತ್ರೆಯಲ್ಲಿ ಕೊಟ್ಟಿದ್ದ ಮೆತ್ತೆ ಗಾಯಕ್ಕೆ ಒತ್ತುತ್ತದೆಂದು ಮೂಲೆಗೆ ಹಾಕಿದಳು. ಬೀರುವಿನಲ್ಲಿ ಬಣ್ಣಬಣ್ಣದ ರವಿಕೆಗಳು ಸಾಲಾಗಿದ್ದವು, ಎಲ್ಲವೂ ಹಳೆಯ ಅಳತೆಯವು. ಬೀರುವಿನ ಕನ್ನಡಿಗೆ ಮಾತ್ರ ಬೆಡ್‌ಶೀಟು ಬಂದಿತ್ತು.

ಅಷ್ಟರಲ್ಲಿ ಅವಳ ಮಗಳು ಕಾವ್ಯಳಿಗೆ ಏಳು ತಿಂಗಳು ತುಂಬಿ ಸೀಮಂತ ನಿಶ್ಚಯವಾಯಿತು. ಭದ್ರಾವತಿಯ ಮನೆಯಲ್ಲೇ, ಬೀಗರೆಲ್ಲ ಬರುವವರು. ಅಕ್ಕ ನನ್ನನ್ನು ಕರೆದು, "ತಾಯಿ ಜಾಗದಲ್ಲಿ ನೀನೇ ಕೂತು ಆರತಿ ಮಾಡ್ಬಿಡು. ನಾನು ಒಳಗಡೆ ಇರ್ತೀನಿ. ಇಷ್ಟು ಜನದ ಮುಂದೆ ಈ ಎದೆ ಇಟ್ಕೊಂಡು ನಿಲ್ಲೋಕೆ ನನ್ನ ಕೈಲಾಗಲ್ಲ" ಎಂದಳು. ಕಾವ್ಯ ಪಕ್ಕದ ಕೋಣೆಯಲ್ಲಿ ಬಿಕ್ಕುವುದು ಕೇಳಿಸುತ್ತಿತ್ತು. ಅಕ್ಕನ ಎಲ್ಲ ಹಳೆಯದನ್ನೂ ತೊಟ್ಟ ನಾನು ಅವಳು ಬದುಕಿರುವಾಗಲೇ ಅವಳ ಜಾಗವನ್ನೂ ತೊಡಬೇಕಾಗಿ ಬಂದಿತಲ್ಲ ಎನ್ನಿಸಿತು.

ಅವಳಿಗೊಂದು ತಕ್ಕ ರವಿಕೆ ಹುಡುಕುತ್ತೇನೆಂದು ಹೊರಟೆ. ಗಾಂಧಿ ಬಜಾರಿನಲ್ಲಿ ಸಿದ್ಧ ರವಿಕೆಗಳ ಬೆಟ್ಟವೇ ಇದೆ. ಎಲ್ಲವೂ ಬೆನ್ನೂ ಕತ್ತೂ ಬಾವಿಯಂತೆ ಇಳಿದವು, ಇಲ್ಲವೇ ಮೈಗೆ ಅಂಟುವವು. "ಪ್ಯಾಡ್ ಇರೋದು ಕೊಡ್ಲಾ ಮೇಡಂ? ಈಗ ಅದೇ ಓಡ್ತಿರೋದು" ಎಂದು ಅಂಗಡಿಯವನು ಕೂಗಿ ಕೇಳಿದ್ದೇ, ಓಡಿದ್ದು ನಾನು. ಆಗ ಪಕ್ಕದ ಮನೆಯವರು, ನನ್ನ ಹರಕೆಯ ಸಂಗತಿ ಬಲ್ಲವರು, ವಿನೋಬನಗರದ ರಶ್ಮಿ ಎಂಬ ಹುಡುಗಿಯ ಸುದ್ದಿ ಹೇಳಿದರು. ಅವಳು ಮನೆಯ ಮುಂದಿನ ಕೋಣೆಯಲ್ಲಿ ಹಳೆಯ ಸೀರೆ, ಹಳೆಯ ರವಿಕೆಗಳನ್ನು ಮಾರುತ್ತಾಳೆ, ತಾನೇ ರಿಪೇರಿ ಮಾಡಿ ಹೊಸ ರೂಪವನ್ನೂ ಕೊಡುತ್ತಾಳೆ. ನನಗೆ ಹರಕೆ ಮುರಿಯದೆ ಸೀಮಂತಕ್ಕೊಂದು ಸೀರೆ ಸಿಕ್ಕೀತು, ಅಕ್ಕನಿಗೂ ಏನಾದರೂ ಸಿಕ್ಕರೆ ಸಿಕ್ಕೀತು ಎಂದರು.

ಹೋದೆ, ಆದರೆ ಹೊಸ್ತಿಲಲ್ಲೇ ನಿಂತೆ. ಒಡಹುಟ್ಟಿದವಳ ಹಳೆಯದು ಬೇರೆ, ಕಂಡರಿಯದವರ ಹಳೆಯದು ಬೇರೆ ಎನ್ನುವ ಸೂಕ್ಷ್ಮ ಶಾಸ್ತ್ರವೊಂದು ನನ್ನೊಳಗೆ ಆವರೆಗೆ ಅಡಗಿದ್ದದ್ದು ನನಗೇ ಗೊತ್ತಿರಲಿಲ್ಲ.

"ಇದನ್ನೆಲ್ಲ ಯಾರು ಉಟ್ಟಿದ್ದಮ್ಮಾ? ಅವರೆಲ್ಲ... ಇದ್ದಾರಾ?" ಎಂದು ಕೇಳಿದೆ.

"ಬಟ್ಟೆಗೆ ಜಾತಕ ಬರಲ್ಲ ಆಂಟಿ" ಎಂದಳು ರಶ್ಮಿ, ಬಾಯಲ್ಲಿದ್ದ ಗುಂಡುಪಿನ್ನನ್ನು ತೆಗೆದು. "ಎರಡು ಸಲ ಒಗ್ದು, ಬಿಸಿಲಿಗೆ ಹಾಕಿ, ಇಸ್ತ್ರಿ ಮಾಡಿದ್ದೀನಿ. ಇನ್ನೇನು, ಉಪನಯನ ಮಾಡ್ಲಾ?"

ಒಳಗೆ ಹೋಗಿ ನನಗೊಂದು ಸಾಸಿವೆ ಬಣ್ಣದ ಇಳಕಲ್ ಸೀರೆ ತೆಗೆದುಕೊಂಡೆ. ವಿಂಟೇಜ್ ಎಂದರೂ ಹಳೆಯದೆಂದೇ ಅಮ್ಮನವರು ತಿಳಿಯುತ್ತಾರೆ ಎಂಬುದು ನನ್ನ ಭರವಸೆ. ಆಮೇಲೆ ರವಿಕೆಗಳ ಸಾಲು ತಡಕುತ್ತ ಹೋದಾಗ ಅದು ಸಿಕ್ಕಿತು: ನೇರಳೆ ರೇಷ್ಮೆ, ಕತ್ತಿಗೆ ಪುಟ್ಟ ಕಾಲರು, ಮೊಣಕೈ ದಾಟುವ ತೋಳು, ಎದೆಯ ಮೇಲೆ ಒಂದರ ಮೇಲೊಂದು ಹಾಯುವ ಅಗಲವಾದ ಎರಡು ಮಡಿಕೆ, ಎಡಪಕ್ಕದಲ್ಲಿ ಸಾಲಾಗಿ ಬಟ್ಟೆಯ ಗುಂಡಿ. ಯಾವ ಕಾಲದ ಯಾವ ಪುಣ್ಯಾತ್ಗಿತ್ತಿ ಹೊಲಿಸಿದ್ದೋ, ನೋಡಿದ ಕೂಡಲೇ ಅಕ್ಕನ ಕೈ ಕಟ್‌ಪೀಸ್ ಗುಡ್ಡೆಯಿಂದ ಎಳೆದು ತೆಗೆದಂತೆ ಕಂಡಿತು. ಇದನ್ನು ತೊಟ್ಟರೆ ಜನ ರವಿಕೆಯನ್ನು ನೋಡಿಯಾರು, ಬೇರೇನನ್ನೂ ಹುಡುಕಲಾರರು ಎನ್ನಿಸಿತು. ಅಳತೆ ಮಾತ್ರ ತೀರ ದೊಡ್ಡದು.

"ಅದಕ್ಕೇನು, ಫಿಟಿಂಗ್ ಮಾಡ್ಕೊಡ್ತೀನಿ. ಅಳತೆ ರವಿಕೆ ತಂದಿದ್ದೀರಾ?"

ತಂದಿದ್ದೆ. ನನ್ನ ಇಳಕಲ್ಲಿಗೊಂದು ರವಿಕೆ ಬೇಕಾದೀತೆಂದು ಚೀಲದಲ್ಲೇ ಇತ್ತು, ಎಂದಿನಂತೆ ಅಕ್ಕನ ಅಳತೆಯದು. ಕೈ ತನ್ನಷ್ಟಕ್ಕೆ ಅದನ್ನು ತೆಗೆದು ಮೇಜಿನ ಮೇಲಿಟ್ಟಿತು. "ಹೀಗೇ ಇರ್ಲಾ, ಏನಾದ್ರೂ ಚೇಂಜ್ ಇದ್ಯಾ?" ಎಂದು ಹುಡುಗಿ ಸ್ಪಷ್ಟವಾಗಿಯೇ ಕೇಳಿದಳು. ಆ ಕ್ಷಣ ನಾನು ಹೇಳಬೇಕಾಗಿತ್ತು. ಅಂಗಡಿಯಲ್ಲಿ ಇನ್ನಿಬ್ಬರಿದ್ದರು, ಆ ಮಾತು ನಾಲಗೆಗೆ ಬರಲಿಲ್ಲ, ನಲವತ್ತು ವರ್ಷದ ಅಭ್ಯಾಸದಂತೆ ನೆಲ ನೋಡುತ್ತ, "ಹೀಗೇ ಇರಲಿ" ಎಂದುಬಿಟ್ಟೆ. ಅದು ಸುಳ್ಳೋ ಪ್ರಾರ್ಥನೆಯೋ ಇಂದಿಗೂ ಹೇಳಲಾರೆ.

ಹುಡುಗಿ ಕೆಲಸದಲ್ಲಿ ಒಂದು ನೂಲೂ ತಪ್ಪಲಿಲ್ಲ. ಭದ್ರಾವತಿಗೆ ಒಯ್ದು, ಕೋಣೆಯ ಬಾಗಿಲು ಹಾಕಿ, ಅಕ್ಕನಿಗೆ ತೊಡಿಸಿ ಗುಂಡಿ ಹಾಕಿದೆ. ಬಲಗಡೆ ಶಿಲ್ಪದಂತೆ ಕೂತಿತು. ಎಡಗಡೆ ಗಾಳಿಯಿಲ್ಲದ ಚೀಲದಂತೆ ಒಳಕ್ಕೆ ಕುಸಿದು, ಮಡಿಕೆಯೆಲ್ಲ ಅಲ್ಲಿಯೇ ಸುಕ್ಕಾಗಿ, ಏನಿಲ್ಲವೆಂಬುದನ್ನು ಬೆರಳಿಟ್ಟು ತೋರಿಸತೊಡಗಿತು. ಅಕ್ಕ ಬೆಡ್‌ಶೀಟು ಸರಿಸಿ ಕನ್ನಡಿ ನೋಡಿದಳು. ಆಪರೇಷನ್ ಆದಮೇಲೆ ಅದೇ ಮೊದಲು.

"ಯಾವ ಅಳತೆ ಕೊಟ್ಟೆ?"

ನಾನು ನೆಲ ನೋಡಿದೆ.

"ಹೇಳೋಕೆ ಬಾಯಿ ಬರ್ಲಿಲ್ವೇನೇ? ನಿನ್ನ ಬಾಯಿಂದ ಮುತ್ತು ಉದುರಿ ಹೋಗ್ತಿತ್ತಾ? ಮೈ ನಂದು, ಹೋಗಿರೋದೂ ನಂದೇ, ನಾಚಿಕೆ ನಿಂಗ್ಯಾಕೆ?"

ಎಂದೂ ತಿಂದಿರದ ಪೆಟ್ಟು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಅಕ್ಕನನ್ನು ಒಳಗೆ ಕೂರಿಸಿದ್ದು ರೋಗ ಮಾತ್ರವಲ್ಲ, ನನ್ನಂಥವರು ನೋಡುತ್ತಿದ್ದ ನೆಲವೂ ಹೌದು. ಅತ್ತು ಮುಗಿದ ಮೇಲೆ ರಶ್ಮಿಗೆ ಫೋನು ಮಾಡಿದೆ. ಎಲ್ಲವನ್ನೂ, ಇದ್ದದ್ದನ್ನು ಇದ್ದ ಹೆಸರಿನಿಂದಲೇ ಹೇಳಿದೆ. ಅವಳು, "ನಾಳೆ ಬೆಳಿಗ್ಗೆ ಬಸ್ಸಿಗೆ ಬರ್ತೀನಿ ಆಂಟಿ. ಅಳತೆ ರವಿಕೆ ಬೇಡ" ಎಂದಳು.

ಬಂದಳು. ಅಕ್ಕನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಕೈ ಎತ್ತಿಸಿ, ಟೇಪು ಹಿಡಿದಳು. ಗಾಯದ ಗೆರೆಯ ಮೇಲೂ ಹಿಡಿದಳು. "ನೋವಾಗುತ್ತಾ?" ಎಂದು ಕೇಳಿದಳೇ ಹೊರತು ಅಯ್ಯೋ ಅನ್ನಲಿಲ್ಲ, ಕಣ್ಣು ತಪ್ಪಿಸಲಿಲ್ಲ. ಅಕ್ಕ ಅವಳಿಗೆ, "ಆ ಮಡಿಕೆ ಇನ್ನೂ ಸ್ವಲ್ಪ ಮೇಲೆ ಬರ್ಲಿ ಕಣಮ್ಮ, ಇಲ್ಲಾಂದ್ರೆ ಅಜ್ಜಿ ಥರ ಕಾಣುತ್ತೆ" ಎಂದಳು. ಎಷ್ಟೋ ತಿಂಗಳ ಮೇಲೆ ಅಕ್ಕನ ಬಾಯಲ್ಲಿ ಬಟ್ಟೆಯ ಮಾತು! ನಾನು ಕಾಫಿ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ ದೇವರ ಗೂಡಿನ ಮುಂದೆ ಕೈಮುಗಿದು ನಿಂತೆ.

ಎಡಗಡೆ ಹೆಚ್ಚಾದ ಬಟ್ಟೆಯನ್ನು ರಶ್ಮಿ ಕತ್ತರಿಸಿ ತೆಗೆದು ಮತ್ತೆ ಹೊಲಿದು ಕೊಟ್ಟಳು. ಸೀಮಂತದ ದಿನ ಸರಳಕ್ಕ ಹೊರಗೆ ಬಂದಳು. ಬೂದು ಸೀರೆ, ನೇರಳೆ ರವಿಕೆ, ಔಷಧಿಗೆ ಉದುರಿ ಈಗ ಹತ್ತಿಯಂತೆ ಚಿಗುರುತ್ತಿದ್ದ ಕೂದಲ ಮೇಲೊಂದಿಷ್ಟು ಸೆರಗು. ಮಗಳಿಗೆ ಅವಳೇ ಬಳೆ ತೊಡಿಸಿದಳು, ಅವಳೇ ಆರತಿ ಎತ್ತಿದಳು. ಬೀಗರ ಕಡೆಯ ಹೆಂಗಸೊಬ್ಬರು ಕೈ ಹಿಡಿದು, "ಎಲ್ಲಿ ಹೊಲ್ಸಿದ್ರಿ ಇದನ್ನ? ನಮಗೂ ಹೇಳಿ" ಎಂದು ಕೇಳಿದಾಗ ಅಕ್ಕ, "ಹೇಳಲ್ಲ, ಹೇಳಿದ್ರೆ ಮುಂದಿನ ವಾರ ನಿಮ್ಮೂರಲ್ಲೆಲ್ಲ ಇದೇ ಆಗುತ್ತೆ" ಎಂದಳು. ನಾನು ಸಾಸಿವೆ ಬಣ್ಣದ ಇಳಕಲ್ಲಿನಲ್ಲಿ ಮೂಲೆಯಲ್ಲಿ ನಿಂತಿದ್ದೆ, ಯಾರೂ ನೋಡಲಿಲ್ಲ. ಅಷ್ಟು ಸುಖವಾಗಿ ಯಾರ ಕಣ್ಣಿಗೂ ಬೀಳದೆ ನಾನು ಎಂದೂ ನಿಂತಿಲ್ಲ.

ಕಥೆ ಇಲ್ಲಿಗೆ ನಿಂತಿದ್ದರೆ ನಾನೂ ನೀವೂ ಹಣ್ಣುಕಾಯಿ ಮಾಡಿಸಿ ಮನೆಗೆ ಹೋಗಬಹುದಾಗಿತ್ತು. ಸೀಮಂತವಾಗಿ ತಿಂಗಳೊಳಗೆ ಅಕ್ಕನ ಎಡಗೈ ಊದಿಕೊಂಡಿತು. ಆಪರೇಷನ್ ಆದವರಿಗೆ ಹೀಗಾಗುವುದುಂಟು ಎಂದರು ಡಾಕ್ಟರು. ಇನ್ನೊಂದು ಪರೀಕ್ಷೆ ಬರೆದರು. ಅದರ ಫಲಿತಾಂಶ ಹೇಳುವಾಗ ಅವರು ನೋಡಿದ್ದು ಮೇಜನ್ನು. ರೋಗ ಮೂಳೆಗೆ ಇಳಿದಿದೆ. ನಾನು ಹರಕೆಯನ್ನು ಮತ್ತೆ ಮುಂದಕ್ಕೆ ತಳ್ಳಬೇಕೆಂದು ಗುಡಿಗೆ ಹೋದೆ. ಎಲ್ಲಿಗೆ ತಳ್ಳಬೇಕೋ ತಿಳಿಯಲಿಲ್ಲ. ಮಂಗಳಾರತಿ ತೆಗೆದುಕೊಂಡು ಸುಮ್ಮನೆ ಬಂದೆ.

ಹೋದ ವಾರ ಭದ್ರಾವತಿಗೆ ಹೋದಾಗ ಅಕ್ಕ ಮಡಿಸಿಟ್ಟ ನೇರಳೆ ರವಿಕೆಯನ್ನು ಬಲಗೈಯಲ್ಲಿ ನನ್ನ ಮುಂದೆ ಚಾಚಿದಳು.

"ತೋಳು ಏರಲ್ಲ ಕಣೇ ನಂಗೆ. ತಗೋ, ನೀನು ಹಾಕ್ಕೋ. ಹೇಗಿದ್ರೂ ನಿಂಗೆ ತಾನೇ ಬರ್ಬೇಕು."

ಬೇಡವೆಂದೆ. ಜೀವಮಾನದಲ್ಲಿ ಅವಳ ಬಟ್ಟೆಯನ್ನು ಬೇಡವೆಂದದ್ದು ಅದೇ ಮೊದಲು. ಅವಳು ಬಿಡಲಿಲ್ಲ, "ಹಾಕ್ಕೊಂಡು ತೋರ್ಸು, ನೋಡ್ಬೇಕು ನಾನು" ಎಂದು ಹಟ ಹಿಡಿದಳು. ಬಾಗಿಲು ಹಾಕಿ ತೊಟ್ಟೆ. ತೋಳು ಸರಿಯಾಯಿತು, ಕತ್ತು ಸರಿಯಾಯಿತು, ಬಲಗಡೆ ಸರಿಯಾಗಿ ಕೂತಿತು. ಎಡಪಕ್ಕದ ಗುಂಡಿಗಳು ಮಾತ್ರ ಎಷ್ಟು ಎಳೆದರೂ ಸೇರಲಿಲ್ಲ. ಅಲ್ಲಿ ಬಟ್ಟೆ ಸಾಲದು. ಅಲ್ಲಿ ನಾನಿನ್ನೂ ಇಡಿಯಾಗಿದ್ದೆ. ಐವತ್ತು ವರ್ಷ ಒಂದೇ ಅಳತೆಯಲ್ಲಿ ಬದುಕಿದವರ ನಡುವೆ ನಾಲ್ಕು ಬೆರಳಿನ ಸಂದು ಬಿದ್ದಿತ್ತು. ಎಳೆಯುತ್ತಲೇ ನಿಂತೆ, ಅವಳ ಕಡೆ ತಿರುಗಲಾರದೆ.

"ಆಗ್ಲಿಲ್ವಾ?" ಎಂದಳು ಅಕ್ಕ ಹಿಂದಿನಿಂದ.

"ಇಲ್ಲ ಅಕ್ಕ."

ಅವಳು ಮೆಲ್ಲಗೆ ಎದ್ದು ಬಂದು, ಒಳ್ಳೆಯ ಕೈಯಿಂದ ನನ್ನ ಬೆರಳುಗಳನ್ನು ಗುಂಡಿಗಳಿಂದ ಬಿಡಿಸಿದಳು.

"ಸದ್ಯ" ಎಂದಳು. "ದೇವ್ರು ದೊಡ್ಡವನು ಕಣೇ."